ಬೀಗರ ಊರಿನ ಸಂಘಕ್ಕೆ ನಾವು ಕೂಡಿದ್ದು

ನಮ್ಮ ಊರಿನ ಪತ್ತಿನ ಸಂಘವನ್ನು ಹಳ್ಳದಾಚೆಯವರು ನುಂಗಿದರು ಎಂದು ಈಗಲೂ ಕೆಲವರು ಹೇಳುತ್ತಾರೆ. ಯಾರೂ ನುಂಗಲಿಲ್ಲ. ನಮ್ಮದು ತನ್ನ ಕಾಲ ಮೇಲೆ ನಿಲ್ಲುವ ಸಂಘ ಆಗಿರಲಿಲ್ಲ. ಕೂಡಿಸುವುದು ಬಿಟ್ಟರೆ ದಾರಿ ಇರಲಿಲ್ಲ, ಕೂಡಿಸಿದೆವು. ನಡುವೆ ತಡ ಆದದ್ದಕ್ಕೆ ಸರಕಾರವನ್ನೋ ಬ್ಯಾಂಕನ್ನೋ ಬೈಯುವ ಹಾಗಿಲ್ಲ. ಸಂಘದ ಮಾತನ್ನು ನಾವು ಮದುವೆಯ ಮಾತಿನ ಹಾಗೆ ಆಡಿಬಿಟ್ಟೆವು. ನಡೆದದ್ದು ಇಷ್ಟೇ. ಉಳಿದದ್ದನ್ನು ಈಗ ಸಂಘ ನಡೆಸುವವರಿಗೆ ಉಪಯೋಗ ಆದೀತು ಎಂದು ಬರೆಯುತ್ತಿದ್ದೇನೆ. ಕಾಗುಣಿತ ಮೊಮ್ಮಗಳು ತಿದ್ದಿದ್ದಾಳೆ, ಮಾತು ನನ್ನದು.

ಎಪ್ಪತ್ತರ ದಶಕದ ನಡುವಿನ ಕಾಲ. ನಾನು ಆಗ ಸಂಘದ ಚೇರ್ಮನ್. ಮೂರನೆಯ ಇಯತ್ತೆಗೆ ಸಾಲೆ ಬಿಟ್ಟವಳು ಚೇರ್ಮನ್ ಆದದ್ದು ಹೇಗೆ ಎಂದರೆ, ಊರಲ್ಲಿ ಎರಡು ಪಾರ್ಟಿ ಇದ್ದವು. ಒಂದು ಪಾರ್ಟಿ ನಿಲ್ಲಿಸಿದ ಗಂಡಸನ್ನು ಇನ್ನೊಂದು ಒಪ್ಪಲಿಲ್ಲ. ಯಜಮಾನರು ತೀರಿದ ಮೇಲೆ ಅವರ ಶೇರು ನನ್ನ ಹೆಸರಿಗೆ ಬಂದಿತ್ತು. ಈ ಹೆಂಗಸನ್ನು ಕೂರಿಸಿದರೆ ತೋರಿಸಿದಲ್ಲಿ ಸಹಿ ಮಾಡಿಕೊಂಡು ಇರುತ್ತಾಳೆ ಎಂದು ಎರಡೂ ಕಡೆಯವರು ಎಣಿಸಿದರು. ಎಣಿಕೆ ತಪ್ಪಿತು, ಆದರೆ ಇಳಿಸಬೇಕೆಂದರೆ ಮತ್ತೆ ಅದೇ ಜಗಳ. ಹಾಗಾಗಿ ಉಳಿದೆ.

ಸಂಘ ಎಂದರೆ ಮಠದ ಪಕ್ಕದ ಒಂದು ಕೋಣೆ, ಹಿಂದೆ ಗೋದಾಮು. ಬೀಜ, ಗೊಬ್ಬರ, ರೇಶನ್ ಸಕ್ಕರೆ, ಸೀಮೆಎಣ್ಣೆಯ ಬ್ಯಾರೆಲ್ಲು. ಬಿತ್ತಿಗೆಯ ಮುಂದೆ ಬೆಳೆ ಸಾಲ. ಸೆಕ್ರೆಟರಿ ನಮ್ಮೊಬ್ಬರಿಗೇ ಅಲ್ಲ, ಇನ್ನೂ ಎರಡು ಊರಿಗೆ ಅವನೇ. ಅವನು ಬಂದ ದಿನ ಬಾಗಿಲು ತೆರೆಯುತ್ತಿತ್ತು, ಬಾರದ ದಿನ ಇಲ್ಲ. ಸದಸ್ಯರು ಬಾಗಿಲು ನೋಡಿ ತಿರುಗಿ ಹೋಗುತ್ತಿದ್ದರು. ಕಟ್ಟಲು ತಂದ ರೊಕ್ಕ ಹಾಗೆ ತಿರುಗಿ ಹೋದರೆ ಮತ್ತೆ ಬರುವುದು ಯಾವಾಗಲೋ. ಸಂಘ ಬಡವಾಗಲು ದೊಡ್ಡ ಲಫಡಾ ಬೇಕಾಗಿಲ್ಲ, ಮುಚ್ಚಿದ ಬಾಗಿಲು ಸಾಕು.

ಮುಂಗಾರಿ ಬಿತ್ತಿಗೆ ಮುಗಿದ ಮೇಲೆ ಸಿಂದಗಿಯಿಂದ ಬ್ಯಾಂಕಿನ ಸೂಪರ್‌ವೈಸರ್ ಬಂದರು. ಧಾರವಾಡದ ಕಡೆಯ ಮನುಷ್ಯ, ತಾಳ್ಮೆಯವರು. ಸಣ್ಣ ಸಣ್ಣ ಸಂಘಗಳನ್ನು ಕೂಡಿಸಿ ದೊಡ್ಡದು ಮಾಡಬೇಕು ಎಂದು ಮೇಲಿನಿಂದ ತೀರ್ಮಾನ ಆಗಿದೆ, ನಿಮಗೆ ಹತ್ತಿರದ್ದು ಹಳ್ಳದಾಚೆಯ ಊರಿನ ಸಂಘ ಎಂದರು. ಕೂಡದಿದ್ದರೆ ಏನು ಎಂದು ಕೇಳಿದೆ.

"ಅವ್ವಾರ, ಸೆಕ್ರೆಟರಿಗಿ ಪಗಾರ ಕೊಡಾಕಾಗದ ಸಂಘಕ್ಕ ಬ್ಯಾಂಕು ಹಿಂಗಾರಿ ಸಾಲ ಕೊಡೂದಿಲ್ರಿ. ಬಾಗಲಾ ಮುಚ್ಚತೈತಿ."

"ಈಗ ಏನು ಭಾಳ ತಗದೈತೇನು," ಎಂದೆ. ಅವರು ನಕ್ಕರು. ನನಗೆ ನಗೆ ಬಂದಿರಲಿಲ್ಲ. ನಮ್ಮ ಕಡೆ ನಿಜವಾದ ಬೆಳೆ ಹಿಂಗಾರಿಯದೇ. ಬಿಳಿ ಜೋಳ, ಕಡಲೆ, ಕುಸುಬೆ. ಆ ಹೊತ್ತಿಗೆ ಸಂಘದಿಂದ ಬೀಜ, ಗೊಬ್ಬರ ಸಿಗದಿದ್ದರೆ ದೇವರ ಹಿಪ್ಪರಗಿಯ ದಲ್ಲಾಳಿಗಳ ಅಡತಿ ಅಂಗಡಿಗೆ ಹೋಗಬೇಕು. ಹೋದರೆ ರಾಶಿಯೂ ಅವರ ಅಂಗಡಿಗೇ ಹೋಗಬೇಕು, ಅವರು ಹೇಳಿದ ದರಕ್ಕೆ. ನಾನೂ ಹೊಲ ಬಿತ್ತುವವಳು, ಈ ಲೆಕ್ಕ ಯಾರೂ ನನಗೆ ಹೇಳಿಕೊಡಬೇಕಾಗಿರಲಿಲ್ಲ. ಬೋರ್ಡಿನ ಸಭೆ ಕರೆದು ಕೂಡಿಸಲು ಠರಾವು ಮಾಡಿದೆವು. ಮುಂದಿನ ದಾರಿಯನ್ನು ಸೂಪರ್‌ವೈಸರ್ ತಿಳಿಸಿ ಹೇಳಿದರು. ಮೊದಲು ಎರಡೂ ಸಂಘದವರು ಕೂತು ಷರತ್ತು ಬರೆಯಬೇಕು. ಆ ಷರತ್ತನ್ನು ಎರಡೂ ಊರಿನ ಸರ್ವ ಸದಸ್ಯರ ಸಭೆ ಒಪ್ಪಬೇಕು. ಆಮೇಲೆ ಕಾಗದ ಇಂಡಿ ಪಟ್ಟಣದ ಸಹಕಾರ ಇಲಾಖೆಯ ಕಚೇರಿಗೆ ಹೋಗಿ ಮಂಜೂರಾಗಿ ಬರಬೇಕು.

ಷರತ್ತಿನ ಮಾತಿಗೆ ನಾವು ಮೂವರು ಹೋದೆವು, ನಾನು ಮತ್ತು ಇಬ್ಬರು ಡೈರೆಕ್ಟರರು. ಇಲ್ಲಿ ಒಂದು ಮಾತು ಹೇಳಬೇಕು. ಹಳ್ಳದಾಚೆಯ ಊರಿಗೆ ಎರೆಹೊಲ ಹೆಚ್ಚು, ಬಾವಿಯಲ್ಲಿ ನೀರು ಹೆಚ್ಚು. ನಮ್ಮ ಊರಿನವರು ಹಿಂದಿನಿಂದಲೂ ಅಲ್ಲಿಗೆ ಹೆಣ್ಣು ಕೊಡುತ್ತ ಬಂದವರು. ಅಲ್ಲಿಂದ ತಂದವರು ಕಡಿಮೆ. ನಾವು ಮೂವರೂ ಮಗಳನ್ನು ಅಲ್ಲಿಗೇ ಕೊಟ್ಟವರು. ಅಲ್ಲಿನ ಸಂಘದ ಚೇರ್ಮನ್ ನನ್ನ ಮಗಳ ಮಾವ. ಆಗ ಇದು ಅನುಕೂಲ ಎಂದೇ ತಿಳಿದೆವು. ಗುರುತಿನವರು, ಮಾತು ಸಲೀಸು ಆಗುತ್ತದೆ ಎಂದು.

ಮಾತು ಬೀಗರ ಮನೆಯ ಪಡಸಾಲೆಯಲ್ಲಿಯೇ ಆಯಿತು, ಬರೆದುಕೊಳ್ಳಲು ಸೂಪರ್‌ವೈಸರೂ ಬಂದಿದ್ದರು. ಹೊಸ್ತಿಲು ದಾಟುತ್ತಿದ್ದಂತೆಯೇ ಬೀಗರು ಶುರು ಮಾಡಿದರು.

"ಬರ್ರಿ ಬೀಗರ, ಬರ್ರಿ. ಈ ಸಲ ಯಾವ ಹುಡುಗಿನ್ನ ತೋರಸಾಕ ಬಂದೀರಿ?"

"ಸಂಘಾನ ಕರಕೊಂಡ ಬಂದೀವ್ರಿ," ಎಂದೆ. "ವಯಸ್ಸು ಭಾಳ ಆಗೇತಿ, ಕೈಯಾಗ ಏನೂ ಇಲ್ಲ. ನಡೀತೈತೇನು ನೋಡ್ರಿ."

ಎಲ್ಲರೂ ನಕ್ಕರು. ಕೆಲಸ ಕೆಟ್ಟದ್ದು ಆ ನಗೆಯಿಂದಲೇ. ಆ ಮಾತಿನ ಮೇಲೆ ನಾವು ಹೆಣ್ಣಿನ ಕಡೆಯವರಾಗಿ ಕೂತೆವು, ಅವರು ಗಂಡಿನ ಕಡೆಯವರಾಗಿ ಕೂತರು. ಸುಸಲಾ ಬಂತು, ಚಹಾ ಬಂತು. ಆಫೀಸು ನಮ್ಮಲ್ಲಿ ಇರಲಿ ಎಂದರು, ಇರಲಿ ಎಂದೆವು. ಚೇರ್ಮನ್ ನಮ್ಮವರೇ ಮುಂದುವರಿಯಲಿ ಎಂದರು, ನಿಮ್ಮ ಮುಂದೆ ಇನ್ನಾರು ಎಂದೆವು. ನಿಮ್ಮ ಕಡೆಯಿಂದ ಬೋರ್ಡಿಗೆ ಒಬ್ಬರು ಸಾಕಲ್ಲ ಎಂದರು, ಸಾಕು ಎಂದೆವು. ತಿಜೋರಿ, ತಕ್ಕಡಿ, ಬ್ಯಾರೆಲ್ಲು ಎಲ್ಲ ಇಲ್ಲಿಗೆ ಬರಬೇಕಲ್ಲ ಎಂದು ಅವರು ಅನ್ನುವಷ್ಟರಲ್ಲಿ ನಮ್ಮ ಡೈರೆಕ್ಟರರೊಬ್ಬರು, ಸಾಗಿಸುವ ಗಾಡಿ ಬಾಡಿಗೆ ನಮಗಿರಲಿ ಎಂದುಬಿಟ್ಟರು. ಯಾರೂ ಕೇಳಿರಲಿಲ್ಲ. ಸೂಪರ್‌ವೈಸರ್ ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಇದಕ್ಕೆ ಒಪ್ಪಿಗೆಯೇ ಎಂದು ಕೇಳಿದರು, ಸ್ವಲ್ಪ ಬಿಟ್ಟು ಇನ್ನೊಮ್ಮೆ ಕೇಳಿದರು. ನಾನು ಗೋಣು ಹಾಕಿದೆ. ಸಂತೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು ಎಣಿಸಿ, ನಡೆಸಿ ನೋಡಿ, ಆಮೇಲೂ ದರಕ್ಕೆ ಜಗ್ಗುವವಳು ನಾನು. ಅಲ್ಲಿ ಸೆರಗು ಎಳೆದುಕೊಂಡು ಕೂತು ಎಲ್ಲದಕ್ಕೂ ಹೂಂ ಎಂದೆ. ಸಂಬಂಧ ಕೆಡಬಾರದು ಎನ್ನುವುದೊಂದೇ ತಲೆಯಲ್ಲಿ.

ಹೊರಡುವಾಗ ಮಗಳು ಹಿತ್ತಲ ಬಾಗಿಲಿನಿಂದ ಬಂದಳು, ಕಂಕುಳಲ್ಲಿ ಕೂಸು.

"ಅವ್ವಾ, ಒಳಗ ಕುಂತು ಎಲ್ಲಾ ಕೇಳೇನಿ. ಗಾಡಿ ಬಾಡಿಗಿನೂ ನಮ್ದ ಅಂದ್ರಿ. ಸಂಘಕ್ಕ ಸೀರಿ ಉಡಿಸಿ ಕಳಸೂದೊಂದ ಉಳೀತು."

ನಾನು ಗದರಿದೆ. ಅವಳು ದನಿ ಇಳಿಸಿದಳು.

"ಬಾಕಿ ಇದ್ದವರ ಯಾದಿ ಇಲ್ಲಿ ಆಫೀಸಿನ ಗ್ವಾಡಿಗಿ ಹಚ್ತಾರ. ಆ ಗ್ವಾಡಿ ಬಾವಿ ದಾರ್‍ಯಾಗ ಐತಿ. ನೀರಿಗಿ ಹೋಗೋ ಮುಂದ ನಿಂತು ಓದಿ ಹೇಳೋರು ಅದಾರ. ನಿಮ್ಮಪ್ಪಂದು ಇಷ್ಟು, ನಿಮ್ಮಣ್ಣಂದು ಇಷ್ಟು ಅಂತ. ನಮ್ಮೂರಿಂದ ಇಲ್ಲಿಗಿ ಬಂದ ಹೆಣ್ಣಮಕ್ಳು ಎಷ್ಟ ಮಂದಿ ಅದೀವಿ, ನಿಮಗ ಮೂರೂ ಮಂದಿಗಿ ನೆನಪಾಗ್ಲಿಲ್ಲೇನು?"

ನೆನಪಾಗಿರಲಿಲ್ಲ. ನೋಡೋಣ ಎಂದು ಹೇಳಿ ಹಳ್ಳ ದಾಟಿದೆ.

ಸರ್ವ ಸದಸ್ಯರ ಸಭೆಗೆ ಡಂಗುರ ಹೊಡೆಸಿದೆವು. ಮಠದ ಕಟ್ಟೆ ತುಂಬಿತು. ಸೂಪರ್‌ವೈಸರ್ ಷರತ್ತು ಓದಿದರು. ಓದಿ ಮುಗಿಸಿದ ಮೇಲೆ ಒಬ್ಬೊಬ್ಬರೂ ಒಂದೊಂದು ನೆಪ ತೆಗೆದರು. ಮಳೆಗಾಲದಲ್ಲಿ ಹಳ್ಳ ಬಂದರೆ ದಾಟುವುದು ಹೇಗೆ. ಅವರ ಗೋದಾಮಿನಲ್ಲಿ ಇಲಿ ಇವೆ. ಅವರ ಸೆಕ್ರೆಟರಿಯ ಬಾಯಿ ಚೆನ್ನಾಗಿಲ್ಲ. ಇಲಿಯ ಮಾತೇ ಬಹಳ ಹೊತ್ತು ನಡೆಯಿತು. ನಮ್ಮ ಗೋದಾಮಿನಲ್ಲಿ ಇಲಿ ಇಲ್ಲವೇನೋ ಎಂಬಂತೆ.

ಕಡೆಗೆ ಕುರಿ ಅತ್ತೆ ಎದ್ದು ನಿಂತಳು. ಕುರಿಮಂದೆ ಇದ್ದ ಮನೆಯ ಹಿರಿಯಳು, ಸಂಘದ ಸದಸ್ಯೆ. ಊರಿನವರೆಲ್ಲ ಅವಳನ್ನು ಹಾಗೆಯೇ ಕರೆಯುತ್ತಿದ್ದೆವು.

"ಇಲಿ ಮಾತು ಸಾಕ ಮಾಡ್ರಿ. ಬೀಗರ ಮುಂದ ಸಾಲಾ ಕೇಳಾಕ ನಾಚಿಕಿ ಆಗತೈತಿ ಅಂತ ಬಾಯಿ ಬಿಟ್ಟ ಹೇಳ್ರಲಾ."

ಆಮೇಲೆ ಒಬ್ಬರು ಎದ್ದರು, ದನ ಬಿಡುವ ಹೊತ್ತಾಯಿತು ಎಂದರು. ಅವರ ಹಿಂದೆ ಇನ್ನೊಬ್ಬರು. ಕೈ ಎತ್ತಿಸುವ ಹೊತ್ತಿಗೆ ಬೇಕಾದಷ್ಟು ಕೈ ಇರಲಿಲ್ಲ. ಸಭೆ ಬಿತ್ತು.

ಸೂಪರ್‌ವೈಸರ್ ಸಿಟ್ಟಾಗಲಿಲ್ಲ. ಇನ್ನೊಂದು ಸಭೆ ಕರೆಯಬಹುದು, ಆದರೆ ಬಿತ್ತಿಗೆಯ ಮೊದಲು ಅದೇ ಕೊನೆಯದು ಎಂದಷ್ಟೇ ಹೇಳಿ ಬಸ್ಸಿಗೆ ಹೋದರು. ಷರತ್ತು ಹೀಗೆಯೇ ಇದ್ದರೆ ಎಷ್ಟು ಸಭೆ ಕರೆದರೂ ಅಷ್ಟೇ ಎಂದು ನನಗೆ ಗೊತ್ತಿತ್ತು. ಷರತ್ತು ಬದಲಾಗಬೇಕು. ಬದಲಾಯಿಸಿ ಎಂದು ಕೇಳುವವರು ಯಾರು? ನಾನು ಮತ್ತೆ ಹೋಗಿ ಕೂತರೆ ಮತ್ತೆ ಸುಸಲಾ, ಮತ್ತೆ ನಗೆ, ಮತ್ತೆ ಹೂಂ. ಇನ್ನೊಂದು ಸಲ ಗಟ್ಟಿಯಾಗಿ ಮಾತಾಡುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡು ನೋಡಿದೆ. ನಂಬಿಕೆ ಬರಲಿಲ್ಲ. ಗಟ್ಟಿ ಮಾತಾಡಿ ಬಂದರೆ ಅದರ ಬಿಸಿ ತಾಗುವುದು ಒಲೆಯ ಮುಂದೆ ಕೂತ ನನ್ನ ಮಗಳಿಗೆ. ಮಗಳನ್ನು ಕೊಟ್ಟ ಊರಿಗೆ ಚೌಕಾಸಿಗೆ ಹೋಗಬಾರದು, ಅಷ್ಟೇ. ಅದಕ್ಕೂ ಧೈರ್ಯಕ್ಕೂ ಸಂಬಂಧವಿಲ್ಲ.

ಕುರಿ ಅತ್ತೆಯ ಇಬ್ಬರು ಸೊಸೆಯಂದಿರೂ ಹಳ್ಳದಾಚೆಯ ಊರಿನವರು. ಅಂದರೆ ಅವಳು ಆ ಊರಿನಿಂದ ಹೆಣ್ಣು ತಂದವಳು. ಯಾವ ಜಾತಿಯ ಹುಡುಗಿಯಾದರೂ ಊರ ಹುಡುಗಿ ಊರಿಗೆಲ್ಲ ಮಗಳೇ. ಅವಳ ಮುಂದೆ ನನ್ನ ಬೀಗರೂ ಹೆಣ್ಣಿನ ಕಡೆಯವರು. ಅವಳ ಮನೆಗೆ ಹೋಗಿ ಕೇಳಿದೆ.

"ನನಗ ಸಹಿ ಬರೂದಿಲ್ಲವಾ," ಎಂದಳು.

"ನಿನ್ನ ಸಹಿ ಮಾಡಾಕ ಕಳಸಾಕತ್ತಿಲ್ಲ. ಬ್ಯಾಡ ಅನ್ನಾಕ ಕಳಸಾಕತ್ತೇನಿ."

"ಅದು ಬರತೈತಿ," ಎಂದಳು.

ಅವಳ ಜೊತೆಗೆ ಕಿರಾಣಿ ಅಂಗಡಿಯವರನ್ನು ಹಾಕಿದೆ. ಅವರ ಬೀಗತನ ಎಲ್ಲ ಮುದ್ದೇಬಿಹಾಳದ ಕಡೆ. ಹಳ್ಳದಾಚೆ ಅವರಿಗೆ ಗಿರಾಕಿಗಳಷ್ಟೇ, ನೆಂಟರಿಲ್ಲ. ಬೋರ್ಡಿನಲ್ಲಿ ಗಲಾಟೆ ಆಯಿತು. ಡೈರೆಕ್ಟರ್ ಅಲ್ಲದವರನ್ನು ಕಳಿಸುವುದು ಹೇಗೆ, ಚೇರ್ಮನ್ ಮನೆಯಲ್ಲಿ ಕೂತರೆ ಊರ ಮರ್ಯಾದೆ ಏನು. ಗಾಡಿ ಬಾಡಿಗೆ ಹೊತ್ತವರೇ ಹೆಚ್ಚು ಕೂಗಿದರು. ಬೋರ್ಡು ಠರಾವು ಮಾಡಿದರೆ ಯಾವ ಸದಸ್ಯರನ್ನಾದರೂ ಕಳಿಸಬಹುದು ಎಂದು ಸೂಪರ್‌ವೈಸರ್ ಹೇಳಿದ ಮೇಲೆ ಸುಮ್ಮನಾದರು. ಠರಾವು ಬರೆಸಿದೆ. ಅವರು ಮಾತಿಗೆ ಹೋದ ದಿನ ನಾನು ಹೊಲದಲ್ಲಿ ಕರಿಕೆ ಹುಲ್ಲು ಅಗೆಯುತ್ತಿದ್ದೆ. ಚೇರ್ಮನ್ ಆದಮೇಲೆ ನಾನು ಮಾಡಿದ ಎಲ್ಲ ಕೆಲಸಕ್ಕಿಂತ ಆ ದಿನ ಹೋಗದೆ ಉಳಿದದ್ದು ಕಷ್ಟ ಆಯಿತು. ಎರಡು ಸಲ ಹಳ್ಳದ ದಂಡೆಯವರೆಗೆ ಹೋಗಿ ಬಂದೆ.

ಅಲ್ಲಿ ಆದದ್ದನ್ನು ಅಂಗಡಿಯವರು ಆಮೇಲೆ ಹೇಳಿದರು. ಕುರಿ ಅತ್ತೆ ಜಮಖಾನೆಯ ನಟ್ಟನಡುವೆ ಕೂತಳಂತೆ. ಚಹಾ ಬಂದಾಗ ಕಪ್ಪು ಬಸಿಯನ್ನು ಪಕ್ಕಕ್ಕೆ ಸರಿಸಿದಳಂತೆ.

"ಚಾ ಆಮ್ಯಾಲ. ಮದಲ ಗ್ವಾಡಿ ಮಾತು. ನಮ್ಮೂರವರ ಬಾಕಿ ಯಾದಿ ನಮ್ಮೂರ ಗ್ವಾಡಿಗಿ ಹಚ್ಚೂದು. ನಿಮ್ಮೂರ ಗ್ವಾಡಿಗಿ ಅಲ್ಲ."

ಯಾದಿ ಆಫೀಸಿನ ಗೋಡೆಗೇ ಹಚ್ಚಬೇಕು, ಹಾಗೆ ನಿಯಮ ಇದೆ ಎಂದರಂತೆ ಬೀಗರು. ಸೂಪರ್‌ವೈಸರ್ ನಡುವೆ ಬಂದು, ನಿಯಮ ಹೌದು, ಆದರೆ ಆ ಊರಿನಲ್ಲಿ ಸಂಘದ ಕೌಂಟರ್ ಇದ್ದರೆ ಅದೂ ಆಫೀಸೇ ಎಂದರು. ಹಾಗಾದರೆ ಕೌಂಟರ್ ಇಡಿ ಎಂದಳು ಕುರಿ ಅತ್ತೆ. ವಾರಕ್ಕೊಂದು ದಿನ, ಹಿಪ್ಪರಗಿ ಸಂತೆಯ ಮಾರನೆಯ ದಿನ, ಮಂದಿಯ ಕೈಯಲ್ಲಿ ರೊಕ್ಕ ಇರುವಾಗ. ಸಂಘ ಕೂಡಿದ ಮೇಲೆ ಸೆಕ್ರೆಟರಿ ಪೂರಾ ಹೊತ್ತಿನವನು ಆಗುತ್ತಾನಲ್ಲ, ಬಂದು ಕೂರಲಿ. ಕೌಂಟರ್ ಇದ್ದರೆ ಬೀಜ ಗೊಬ್ಬರ ನಮ್ಮ ಗೋದಾಮಿಗೇ ಇಳಿಯಬೇಕು ಎಂದು ಅಂಗಡಿಯವರು ಹಿಡಿದರು. ಬೋರ್ಡಿಗೆ ನಮ್ಮವರು ಒಬ್ಬರಲ್ಲ, ಇಬ್ಬರು ಎಂದೂ ಬರೆಸಿದರು.

"ಇದನ್ನೆಲ್ಲಾ ನಿಮ್ಮ ಚೇರ್ಮನ್ರು ಅವತ್ತ ಯಾಕ ಕೇಳ್ಲಿಲ್ರಿ?" ಎಂದರಂತೆ ಬೀಗರು.

"ಅವರ ಮಗಳು ನಿಮ್ಮ ಮನ್ಯಾಗ ಅದಾಳಲ್ರಿ. ನಿಮ್ಮೂರ ಹುಡುಗ್ಯಾರು ನನ್ನ ಮನ್ಯಾಗ ಅದಾರ," ಎಂದು ಹೇಳಿ ಚಹಾ ಎತ್ತಿಕೊಂಡಳಂತೆ. ಆರಿ ತಣ್ಣಗಾಗಿತ್ತಂತೆ. ಬೇರೆ ತರಿಸಿ ಎಂದಳಂತೆ. ತರಿಸಿದರು.

ಎಲ್ಲವೂ ನಮ್ಮ ಕಡೆ ಬಂತು ಎಂದಲ್ಲ. ಚೇರ್ಮನ್ ಅವರೇ ಉಳಿದರು. ಅದು ಸರಿಯೇ, ದೊಡ್ಡ ಸಂಘ ಅವರದು, ನನ್ನ ಬೀಗರು ಲೆಕ್ಕದಲ್ಲಿ ಚೊಕ್ಕ ಮನುಷ್ಯ. ತಿಜೋರಿ ಅಲ್ಲಿಗೆ ಹೋಯಿತು. ಗಾಡಿ ಬಾಡಿಗೆ ಮಾತ್ರ ಇಬ್ಬರಿಗೂ ಅರ್ಧ ಅರ್ಧ ಆಯಿತು. ಇಷ್ಟು ಬಿಟ್ಟುಕೊಡದಿದ್ದರೆ ಅದು ಒಪ್ಪಂದವೇ ಅಲ್ಲ.

ಎರಡನೆಯ ಸಭೆ. ಮತ್ತೆ ಡಂಗುರ, ಮತ್ತೆ ಮಠದ ಕಟ್ಟೆ. ಷರತ್ತು ಓದುವಾಗ ಯಾದಿಯ ಮಾತು ಬಂದಲ್ಲಿ ಒಬ್ಬರು, ಇನ್ನೊಮ್ಮೆ ಓದಿ ಎಂದರು. ಓದಿದರು. ಈ ಸಲ ಇಲಿಯ ಹೆಸರನ್ನು ಯಾರೂ ಎತ್ತಲಿಲ್ಲ. ಕೈ ಎತ್ತಿಸಿದಾಗ ಬೇಕಾದದ್ದಕ್ಕಿಂತ ಹೆಚ್ಚೇ ಎದ್ದವು. ಒಂದು ಪಾರ್ಟಿಯ ಹಿರಿಯರು ಎತ್ತಲಿಲ್ಲ. ಅವರಿಗೆ ಸಂಘದ ಮೇಲೆ ಸಿಟ್ಟಿರಲಿಲ್ಲ, ನನ್ನ ಮೇಲೆ ಇತ್ತು. ಇರಲಿ. ಅದೇ ದಿನ ಹಳ್ಳದಾಚೆಯೂ ಸಭೆ ಪಾಸಾಗಿ, ಸುದ್ದಿ ಸೈಕಲ್ ಮೇಲೆ ಬಂತು. ನನ್ನ ಚೇರ್ಮನ್ ಕೆಲಸ ಮುಗಿದಂತೆಯೇ.

ಆದರೆ ಏಳುವ ಮೊದಲು ಸೂಪರ್‌ವೈಸರ್ ಇನ್ನೊಂದು ಮಾತು ಹೇಳಿದರು. ಎರಡೂ ಸಭೆ ಪಾಸಾದರೆ ಸಾಲ ಬಿಡಲು ಬ್ಯಾಂಕು ಮೊದಲೇ ಒಪ್ಪಿದೆ. ಬೀಜ, ಗೊಬ್ಬರ ಬಂದು ಇಳಿದಿವೆ. ಇಳಿದದ್ದು ಹಳ್ಳದಾಚೆ. ನಮ್ಮ ಕೌಂಟರ್ ಶುರುವಾಗುವುದು ಇಂಡಿಯಿಂದ ಮಂಜೂರಿ ಬಂದ ಮೇಲೆ. ಈ ಬಿತ್ತಿಗೆಯ ಮಟ್ಟಿಗೆ ಅಲ್ಲಿಗೇ ಹೋಗಿ, ಅರ್ಜಿ ಕೊಟ್ಟು, ಚೀಲ ತರಬೇಕು. ನಾಳೆಯಿಂದ ಕೊಡುತ್ತಾರೆ.

ಮಳೆ ಆಗಿತ್ತು, ಹೊಲದಲ್ಲಿ ಹಸಿ ಇತ್ತು, ಬಿತ್ತುವ ಕೂರಿಗೆಗಳು ಹೊರಗೆ ಬಂದಿದ್ದವು. ಹಸಿ ಯಾರ ನಾಚಿಕೆಗೂ ಕಾಯುವುದಿಲ್ಲ. ಆದರೂ ಒಬ್ಬರೂ ಹೋಗುತ್ತೇನೆ ಎನ್ನಲಿಲ್ಲ. ಆಳನ್ನು ಕಳಿಸೋಣ ಎಂದು ಯಾರೋ ಗೊಣಗಿದರು. ಅರ್ಜಿಗೆ ಸಹಿ ಸದಸ್ಯರೇ ಬಂದು ಮಾಡಬೇಕು ಎಂದರು ಸೂಪರ್‌ವೈಸರ್. ಇಷ್ಟು ದೂರ ಎಳೆದು ತಂದ ಸಂಘ ಈ ಒಂದು ಬಿತ್ತಿಗೆಯಲ್ಲಿಯೇ ಮುರಿದು, ಮಂದಿ ಅಡತಿ ಅಂಗಡಿಗೆ ಹೋದರೆ ಮುಂದೆ ಯಾವ ಕೌಂಟರೂ ಅವರನ್ನು ತಿರುಗಿ ತರುವುದಿಲ್ಲ. ಇದನ್ನು ಭಾಷಣ ಮಾಡಿ ಹೇಳಬಹುದಿತ್ತು. ಕೇಳಿ ಮನೆಗೆ ಹೋಗುತ್ತಿದ್ದರು. ನಾನು ಸಭೆ ಮುಗಿಯಿತು ಎಂದು ಹೇಳಿ ಎದ್ದೆ.

ಮಾರನೆಯ ದಿನ ಮುಂಜಾನೆ ಗಾಡಿ ಕಟ್ಟಿಸಿ ಹಳ್ಳ ದಾಟಿದೆ. ಬಾವಿಗೆ ಬರುವ ಹೆಣ್ಣುಮಕ್ಕಳ ಹೊತ್ತು ಅದು. ಸಂಘದ ಮುಂದೆ ಆ ಊರಿನವರ ಪಾಳಿ ಇತ್ತು. ಬೀಗರು ಮೇಜಿನ ಹಿಂದೆ ಕೂತಿದ್ದರು. ನನ್ನನ್ನು ನೋಡಿ ಎದ್ದರು, ಒಳಗೆ ಬರ್ರಿ, ಅರ್ಜಿ ಮನೆಗೇ ಕಳಿಸುತ್ತೇನೆ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನು ಒಳಗೆ ಹೋಗಲಿಲ್ಲ. ಪಾಳಿಯ ಕೊನೆಯಲ್ಲಿ ನಿಂತೆ. ಕೊಡ ಹೊತ್ತವರು ನಿಂತು ನೋಡಿದರು. ಅವರ ನಡುವೆ ನನ್ನ ಮಗಳೂ ಇದ್ದಳು. ಅವಳು ಕೊಡ ಇಳಿಸಿ ಸೊಂಟಕ್ಕೆ ಕೈ ಕೊಟ್ಟು ನಿಂತಳು.

ನನ್ನ ಪಾಳಿ ಬಂದಾಗ ಸೆರಗು ಸರಿ ಮಾಡಿಕೊಂಡು, ಜೋಳದ ಬೀಜ ಬೇಕು, ಗೊಬ್ಬರ ಬೇಕು, ಎಲ್ಲ ಸಾಲದ ಮೇಲೆ ಬೇಕು ಎಂದು ಬಾವಿಯವರೆಗೆ ಕೇಳುವ ಹಾಗೆ ಹೇಳಿದೆ. ಬೀಗರು ಬರೆದುಕೊಂಡರು. ಬೇರೆಯವರಿಗೆ ಕೇಳಿದ ಪ್ರಶ್ನೆಗಳನ್ನೇ ನನಗೂ ಕೇಳಿದರು. ಸಹಿ ಮಾಡಿದೆ.

ಸಾಲದ ಚೀಲ ತರುವವರು ಮೇಲೆ ಜೋಳದ ಕಣಿಕೆ ಹೊದಿಸಿಕೊಂಡು ಹಿತ್ತಲ ದಾರಿಯಲ್ಲಿ ತರುವುದು ನಮ್ಮಲ್ಲಿ ವಾಡಿಕೆ. ನಾನು ಏನೂ ಹೊದಿಸಲಿಲ್ಲ. ಗಾಡಿಯನ್ನು ಊರ ಅಗಸಿಬಾಗಿಲ ಮುಂದಿನಿಂದಲೇ ಹೊಡೆಸಿದೆ. ಕಟ್ಟೆಯ ಮೇಲೆ ಕೂತವರಲ್ಲಿ ಒಬ್ಬರು ಎಲ್ಲಿಂದ ಎಂದು ಕೇಳಿದರು.

"ಬೀಗರ ಊರಿಂದ. ಸಾಲಾ ತಂದೇನಿ. ಅಲ್ಲಿ ಇನ್ನೂ ಚೀಲ ಅದಾವ, ಹೋಗ್ರಿ," ಎಂದೆ. ಗಾಡಿ ನಿಲ್ಲಿಸದೆ ಹೊಲದ ದಾರಿ ಹಿಡಿದೆ.